ಹಳೆಯ ಕಾರಿನ ಸೀಟು ಎಸೆಯುವ ಮುನ್ನ

ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಮತ್ತೆ ರಸ್ತೆಗಿಳಿಸಲು ಹೊರಟವರ ಖರ್ಚಿನ ಪಟ್ಟಿ ಬಹುತೇಕ ಒಂದೇ ಥರ ಇರುತ್ತದೆ. ಮೊದಲು ಎಂಜಿನ್, ನಂತರ ಟಿಂಕರಿಂಗ್, ಆಮೇಲೆ ಪೇಂಟು, ಬಂಪರಿಗೆ ಕ್ರೋಮ್. ಸೀಟಿನ ಸರದಿ ಬರುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಉಳಿದಿರುವುದಿಲ್ಲ, ತಾಳ್ಮೆಯೂ ಉಳಿದಿರುವುದಿಲ್ಲ. ಆಗ ಕಾಣುವುದು ಸುಲಭದ ದಾರಿ. ಇದ್ದ ಸೀಟನ್ನು ಕಿತ್ತು ಗುಜರಿಗೆ ಹಾಕಿ ಯಾವುದೋ ಹೊಸ ಕಾರಿನ ಬಕೆಟ್ ಸೀಟು ತಂದು ಕೂರಿಸುವುದು. ಇಲ್ಲವೇ ಹಳೆಯ ಚೌಕಟ್ಟಿನ ಮೇಲೆ ದಪ್ಪ ಫೋಮ್ ಹೇರಿ, ಹೊಳೆಯುವ ರೆಕ್ಸಿನ್ ಹೊದಿಸಿ ಮುಗಿಸುವುದು. ಹೊರಗಿನಿಂದ ನೋಡಿದರೆ 1960ರ ದಶಕದ ಕಾರು, ಬಾಗಿಲು ತೆಗೆದರೆ ನಿನ್ನೆ ಮೊನ್ನೆಯ ಟ್ಯಾಕ್ಸಿ.

ಹೀಗಾಗಬಾರದು. ಹಳೆಯ ಕಾರನ್ನು ಉಳಿಸುತ್ತೇವೆ ಎಂದು ಹೊರಟವರು ಅದರ ಸೀಟನ್ನೂ ಉಳಿಸಬೇಕು. ಅದು ಕೈಗೆಟುಕದ ಕೆಲಸವೇನೂ ಅಲ್ಲ. ಎಂಜಿನ್ ಬಿಚ್ಚಲು ಅನುಭವಿ ಮೆಕ್ಯಾನಿಕ್ ಬೇಕು, ಪೇಂಟ್ ಹೊಡೆಯಲು ಧೂಳಿಲ್ಲದ ಜಾಗ ಬೇಕು. ಸೀಟನ್ನಾದರೋ ಮನೆಯ ಪೋರ್ಟಿಕೊದಲ್ಲೋ ಜಗಲಿಯ ಮೇಲೋ ಇಟ್ಟುಕೊಂಡು, ರಜೆಯ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ದುರಸ್ತಿ ಮಾಡಬಹುದು. ಅರ್ಧ ಶತಮಾನದ ಹಿಂದಿನ ಸೀಟುಗಳನ್ನು ಕಟ್ಟಿದ್ದೇ ಬಿಚ್ಚಿ ಮತ್ತೆ ಕಟ್ಟಲು ಬರುವ ಹಾಗೆ.

ಹಳೆಯ ಕಾರುಗಳನ್ನು ಪ್ರೀತಿಸುವವರ ಜಗತ್ತಿನಲ್ಲಿ ಗಾಳಿ ಬೀಸುತ್ತಿರುವುದೂ ಈ ದಿಕ್ಕಿಗೇ. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಪ್ರತಿ ಆಗಸ್ಟ್ ತಿಂಗಳಲ್ಲಿ ನಡೆಯುವ ಸ್ಪರ್ಧೆ ಈ ಕ್ಷೇತ್ರದ ಅತಿ ದೊಡ್ಡ ವೇದಿಕೆಗಳಲ್ಲೊಂದು. ದಶಕಗಳ ಕಾಲ ಅಲ್ಲಿ ಗೆಲ್ಲುತ್ತಿದ್ದದ್ದು ಮಿರಮಿರ ಮಿಂಚುವ, ತಳದಿಂದ ತುದಿಯವರೆಗೆ ಹೊಸದಾಗಿಸಿದ ಕಾರುಗಳು. 2024ರಲ್ಲಿ ಮೊದಲ ಬಾರಿಗೆ, ಹಾಗೆ ಹೊಸದಾಗಿಸದೆ ಇದ್ದ ಸ್ಥಿತಿಯಲ್ಲೇ ಕಾಪಾಡಿಕೊಂಡು ಬಂದಿದ್ದ ಕಾರೊಂದಕ್ಕೆ ಅತ್ಯುನ್ನತ ಪ್ರಶಸ್ತಿ ಬಂತು. ಅದು 1934ರ ಬುಗಾಟಿ ಟೈಪ್ 59. ಗ್ರ್ಯಾನ್ ಪ್ರಿ ಓಟಗಳಿಗಾಗಿ ತಯಾರಾಗಿ, ಮುಂದೆ ಬೆಲ್ಜಿಯಂನ ದೊರೆ ಮೂರನೇ ಲಿಯೊಪೋಲ್ಡ್ ಕೈ ಸೇರಿದ್ದ ಕಾರು. ಸವೆತವನ್ನು ತೀರ್ಪುಗಾರರು ಅಲ್ಲಿ ದೋಷವೆಂದು ಎಣಿಸಲಿಲ್ಲ, ಕಾರು ಬದುಕಿದ್ದಕ್ಕೆ ಸಾಕ್ಷಿ ಎಂದು ಎಣಿಸಿದರು.

ಹಳೆಯ ವಾಹನಗಳಿಗಾಗಿಯೇ 1966ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಫೀವಾ. ಅದು ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಕೂಡ ಇದನ್ನೇ ಹೇಳುತ್ತದೆ: ಉಳಿಸಲು ಸಾಧ್ಯವಿರುವುದನ್ನು ಉಳಿಸಿ, ಬದಲಿಸಲೇಬೇಕಾದದ್ದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಗುರುತಿಟ್ಟು ದಾಖಲಿಸಿ. ಹಳೆಯ ಗುಡಿ, ಕೋಟೆಗಳ ಸಂರಕ್ಷಣೆಗೆ 1964ರ ವೆನಿಸ್ ಸನ್ನದು ಹಾಕಿಕೊಟ್ಟ ಮಾರ್ಗವನ್ನೇ ಇದು ವಾಹನಗಳಿಗೆ ಅನ್ವಯಿಸಿದೆ.

ನಮ್ಮ ಕಾನೂನು ಏನು ಹೇಳುತ್ತದೆ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ವಾಹನ ಮೂಲ ರೂಪದಲ್ಲಿರಬೇಕು ಎಂದು ಹೇಳುವ ಈ ನಿಯಮ, ದೊಡ್ಡ ಮಾರ್ಪಾಡಿನ ಮಾತು ಬಂದಾಗ ಹೆಸರಿಸುವುದು ಚಾಸಿಸ್, ಬಾಡಿ ಮತ್ತು ಎಂಜಿನ್ ಮೂರನ್ನು. ಸೀಟಿನ ಹೆಸರು ಅಲ್ಲಿಲ್ಲ. ಹೀಗಾಗಿ ಸೀಟನ್ನು ಕಾಪಾಡುವ ಹೊಣೆ ಪೂರ್ತಿಯಾಗಿ ಮಾಲೀಕರ ಮೇಲೇ ಬೀಳುತ್ತದೆ.

ಈ ಹೊಣೆ ದಿನೇ ದಿನೇ ಹೆಚ್ಚುತ್ತಿದೆ ಕೂಡ. ಮುಂಬೈನ ಕುರ್ಲಾದಲ್ಲಿ ಫಿಯೆಟ್ 1100 ಆಗಿ ತಯಾರಾಗುತ್ತಿದ್ದ ಕಾರು 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ ಆಯಿತು. ಆ ಮೊದಲ ಪದ್ಮಿನಿಗಳಿಗೆ ಈಗ ಐವತ್ತು ತುಂಬಿದೆ. ಮಾರಿಸ್ ಆಕ್ಸ್‌ಫರ್ಡ್ ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇವರೆಗೆ ತಯಾರಾದ ಅಂಬಾಸಿಡರ್‌ಗಳಲ್ಲೂ ವರ್ಷ ವರ್ಷ ಒಂದೊಂದು ತಲೆಮಾರು ವಿಂಟೇಜ್ ಸಾಲಿಗೆ ಸೇರುತ್ತಿದೆ. ಇವು ರಾಜಮಹಾರಾಜರ ರೋಲ್ಸ್ ರಾಯ್ಸ್‌ಗಳಲ್ಲ. ಮೇಷ್ಟ್ರು, ವಕೀಲರು, ಅಡಿಕೆ ಮಂಡಿಯವರು, ಟ್ಯಾಕ್ಸಿ ಚಾಲಕರು ಓಡಿಸಿದ ಕಾರುಗಳು. ಇವನ್ನು ಉಳಿಸುವವರೂ ಮಧ್ಯಮ ವರ್ಗದವರೇ. ಆದ್ದರಿಂದ ಮನೆಯಲ್ಲೇ ಮಾಡಬಹುದಾದ ಕೆಲಸದ ಅರಿವು ಅವರಿಗೆ ಬಹಳ ಮುಖ್ಯ.

ಈ ಕಾರುಗಳ ಸ್ವಭಾವ ಇರುವುದೇ ಸೀಟಿನಲ್ಲಿ. ಗೇರ್ ಲಿವರ್ ಸ್ಟೀರಿಂಗಿನ ಪಕ್ಕದಲ್ಲಿದ್ದುದರಿಂದ ಮುಂದೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದನೆಯ ಸೀಟು ಹಾಕಲು ಜಾಗವಿತ್ತು. ಮಲೆನಾಡಿನ, ಕರಾವಳಿಯ ಬಾಡಿಗೆ ಕಾರುಗಳಲ್ಲಿ ಮುಂದೆ ಮೂವರು, ನಾಲ್ವರು ಕೂತು, ಹಿಂದೆ ಮದುವೆ ಮನೆಯವರೆಲ್ಲ ಹಿಡಿಸುತ್ತಿದ್ದುದು ಈ ಸೀಟಿನ ದೆಸೆಯಿಂದ. ವಿಧಾನಸೌಧದ ಮುಂದೆ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರ್‌ಗಳ ಹಿಂದಿನ ಸೀಟಿಗೆ ಹಾಸಿರುತ್ತಿದ್ದ ಬಿಳಿಯ ಟರ್ಕಿ ಟವೆಲ್ ಅಧಿಕಾರದ ಗುರುತೇ ಆಗಿತ್ತು. ಇಂಥ ಕಾರಿಗೆ ಎರಡು ಬಿಡಿ ಬಕೆಟ್ ಸೀಟು ಹಾಕಿದರೆ ಉಳಿಯುವುದು ಹೊರಗಿನ ತಗಡು ಮಾತ್ರ.

ಅಂಥ ಸೀಟೊಂದನ್ನು ತಲೆಕೆಳಗಾಗಿ ಮಗುಚಿ ನೋಡಿದರೆ ಅದನ್ನು ಕಟ್ಟಿದ ಕ್ರಮ ತಾನಾಗಿ ಕಾಣುತ್ತದೆ. ಎಲ್ಲಕ್ಕಿಂತ ಕೆಳಗೆ ಕಬ್ಬಿಣದ ಚೌಕಟ್ಟು. ಅದರ ಮೇಲೆ ಸಾಲು ಸಾಲಾಗಿ ಸುರುಳಿ ಸ್ಪ್ರಿಂಗುಗಳು, ಕೆಲವು ಕಾರುಗಳಲ್ಲಿ ಅಂಕುಡೊಂಕಾದ ತಂತಿ ಸ್ಪ್ರಿಂಗುಗಳು. ಸ್ಪ್ರಿಂಗುಗಳ ತಲೆಯನ್ನು ಒಂದಕ್ಕೊಂದು ಬಿಗಿದು, ಸುತ್ತ ಒಂದು ದಪ್ಪ ಅಂಚು ತಂತಿ ಹಾಯಿಸಿರುತ್ತಾರೆ. ಅದರ ಮೇಲೆ ಗೋಣಿ ಬಟ್ಟೆ. ಸ್ಪ್ರಿಂಗು ಮೇಲಿನ ಮೆತ್ತೆಯನ್ನು ಕೊರೆಯದಂತೆ ತಡೆಯುವುದು ಇದರ ಕೆಲಸ. ಆಮೇಲೆ ನಾರಿನ ಮೆತ್ತೆ ಅಥವಾ ಒತ್ತಿದ ಹತ್ತಿ, ಅದರ ಮೇಲೆ ತೆಳುವಾದ ಒಂದು ಪದರ ಫೋಮ್, ಕೊನೆಗೆ ಹೊದಿಕೆ. ಹೊದಿಕೆಯ ಅಂಚಿನ ಒಳಗೆ ಒಂದು ತಂತಿ ಹಾಯಿಸಿ, ಆ ತಂತಿಯನ್ನು ಸಣ್ಣ ಸಣ್ಣ ಕಬ್ಬಿಣದ ಉಂಗುರಗಳಿಂದ ಚೌಕಟ್ಟಿಗೆ ಬಿಗಿದಿರುತ್ತಾರೆ. ಕುಶನ್ ಅಂಗಡಿಯವರು ಹಾಗ್ ರಿಂಗ್ ಎನ್ನುವುದು ಇದನ್ನೇ. ಇಡೀ ಹೊದಿಕೆ ನಿಂತಿರುವುದು ಈ ಉಂಗುರಗಳ ಮೇಲೆ. ಅಂಟಿನ ಪಾತ್ರ ತೀರಾ ಕಡಿಮೆ. ಉಂಗುರ ಕತ್ತರಿಸಿದರೆ ಹೊದಿಕೆ ಇಡಿಯಾಗಿ ಕಳಚಿ ಬರುತ್ತದೆ.

ನಾರಿನ ಮೆತ್ತೆಯ ವಿಷಯದಲ್ಲಿ ಕನ್ನಡಿಗರಿಗೆ ವಿಶೇಷ ಆಸಕ್ತಿ ಇರಬೇಕು. ತೆಂಗಿನ ನಾರನ್ನು ಸುರುಳಿ ಮಾಡಿ, ಹರಡಿ, ರಬ್ಬರ್ ಹಾಲು ಸಿಂಪಡಿಸಿ, ಬಿಸಿಯಲ್ಲಿ ಒತ್ತಿ ಮಾಡುವ ಹಾಳೆಗಳು ಒಂದು ಕಾಲದಲ್ಲಿ ಜಗತ್ತಿನಾದ್ಯಂತ ಕಾರಿನ ಸೀಟಿಗೆ ಬಳಕೆಯಾಗುತ್ತಿದ್ದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಸೀಟುಗಳಲ್ಲೂ ಇಂಥ ನಾರಿನ ಮೆತ್ತೆ ಇತ್ತು. ಡೈಮ್ಲರ್ ಕಂಪನಿ 1990ರ ದಶಕದಲ್ಲಿ ಬ್ರೆಜಿಲ್‌ನ ಪಾರಾ ವಿಶ್ವವಿದ್ಯಾಲಯದ ಯೋಜನೆಯೊಂದರ ಜೊತೆ ಸೇರಿ, ಅಲ್ಲಿನ ತೆಂಗು ಬೆಳೆಗಾರರ ನಾರಿನಿಂದ ವಾಹನಗಳ ತಲೆದಿಂಬು ಮಾಡಿಸಿತು. ತಿಪಟೂರು, ಅರಸೀಕೆರೆಯ ಸೀಮೆ ನಮ್ಮದು. ನಾರಿನ ತಂತ್ರಜ್ಞಾನಕ್ಕೆಂದೇ ಕಾಯರ್ ಬೋರ್ಡಿನ ಸಂಸ್ಥೆಯೊಂದು ಬೆಂಗಳೂರಿನ ಪೀಣ್ಯದಲ್ಲಿದೆ. ಹಾಸಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ರಬ್ಬರ್ ಹಾಕಿದ ನಾರಿನ ಹಾಳೆ ಬಿಟ್ಟು, ಹಳೆಯ ಸೀಟಿಗೆ ಪೂರ್ತಿ ಫೋಮ್ ತುಂಬಿಸುವುದಕ್ಕೆ ಕಾರಣವೇ ಇಲ್ಲ. ನಾರಿನ ನಡುವೆ ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ಬೆನ್ನು ಬೆವರುವುದು ಕಡಿಮೆ. ಫೋಮ್‌ನ ಗುಣ ಬೇರೆ. ವರ್ಷಗಳು ಕಳೆದಂತೆ ಗಾಳಿ, ತೇವ, ಬೆಳಕಿಗೆ ಅದರ ರಚನೆ ಕಳಚಿಕೊಂಡು ಹಳದಿ ಪುಡಿಯಾಗಿ ಉದುರುತ್ತದೆ. ಐವತ್ತು ವರ್ಷದ ಸೀಟು ಬಿಚ್ಚಿದಾಗ ಸ್ಪ್ರಿಂಗು ಗಟ್ಟಿಯಾಗಿದ್ದು, ನಾರೂ ಮುಕ್ಕಾಲು ಉಳಿದಿದ್ದು, ಫೋಮ್ ಮಾತ್ರ ಹಿಟ್ಟಾಗಿರುವುದು ಅಪರೂಪವಲ್ಲ.

ಸೀಟು ಹಾಳಾಗುವ ರೀತಿ ಊರಿಂದ ಊರಿಗೆ ಬೇರೆ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಗೆ ಸ್ಪ್ರಿಂಗು ತುಕ್ಕು ಹಿಡಿದು, ತುಕ್ಕು ಗೋಣಿಯನ್ನು ತಿನ್ನುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನಾರಿಗೂ ಚರ್ಮಕ್ಕೂ ಬೂಸ್ಟು ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ರೆಕ್ಸಿನ್‌ನಲ್ಲಿರುವ, ಅದನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಆರಿಹೋಗಿ ಅದು ಗಡುಸಾಗಿ ಬಿರಿಯುತ್ತದೆ. ಆದ್ದರಿಂದ ಮೊದಲು ಸೀಟು ಬಿಚ್ಚಿ, ಕೆಟ್ಟದ್ದು ಯಾವುದು, ಚೆನ್ನಾಗಿರುವುದು ಯಾವುದು ಎಂದು ಬೇರ್ಪಡಿಸಬೇಕು. ನೋಡದೆ ಎಲ್ಲವನ್ನೂ ಎಸೆಯುವುದು ದುಂದುಗಾರಿಕೆ.

ಬಿಚ್ಚುವುದಕ್ಕೆ ಬೇಕಾದದ್ದು ಸ್ಪ್ಯಾನರ್, ಇಕ್ಕಳ, ತಂತಿ ಕತ್ತರಿಸುವ ಕಟರ್, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ. ಹಿಂದಿನ ಸೀಟಿನ ಕೂರುವ ಭಾಗ ಹೆಚ್ಚಿನ ಹಳೆಯ ಕಾರುಗಳಲ್ಲಿ ಮುಂಭಾಗದಿಂದ ಎತ್ತಿದರೆ ಹೊರಬರುತ್ತದೆ. ಮುಂದಿನದು ನೆಲಕ್ಕೆ ಬೋಲ್ಟ್ ಹಾಕಿದ ಹಳಿಗಳ ಮೇಲಿರುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಯಾವ ಉಂಗುರ ಎಲ್ಲಿತ್ತು, ಯಾವ ಅಂಚು ಯಾವುದರ ಮೇಲೆ ಮಡಚಿತ್ತು ಎಂಬುದು ಮರುವಾರ ನೆನಪಿರುವುದಿಲ್ಲ.

ಹಳೆಯ ಹೊದಿಕೆಯನ್ನು ಹರಿಯಬಾರದು. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. ಬ್ಲೇಡಿನಿಂದ ಹೊಲಿಗೆಯನ್ನಷ್ಟೇ ಬಿಚ್ಚಿ, ತುಂಡುಗಳಿಗೆ ಎಡ, ಬಲ, ಮೇಲೆ, ಕೆಳಗೆ ಎಂದು ಗುರುತು ಹಾಕಿ, ಇಸ್ತ್ರಿ ಮಾಡಿದ ಹಾಗೆ ಸಪಾಟಾಗಿ ಹರಡಿದರೆ ಅದೇ ಹೊಸ ಹೊದಿಕೆಯ ಅಳತೆ. ಇನ್ನೊಂದು ಲಾಭವೂ ಇದೆ. ಪೈಪಿಂಗಿನ ಮಡಿಕೆಯ ಒಳಗೆ, ಚೌಕಟ್ಟಿನ ಅಡಿಗೆ ಸಿಕ್ಕಿಸಿದ ಅಂಚಿನಲ್ಲಿ ಬಿಸಿಲು ಎಂದೂ ಬಿದ್ದಿರುವುದಿಲ್ಲ. ಮೇಲ್ಭಾಗ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದರೂ ಅಲ್ಲಿ ಬೆರಳಗಲದಷ್ಟು ಜಾಗದಲ್ಲಿ ಕಾರ್ಖಾನೆಯಿಂದ ಬಂದ ದಿನದ ಕೆಂಪೋ ಹಸಿರೋ ಹಾಗೇ ಉಳಿದಿರುತ್ತದೆ. ರೆಕ್ಸಿನ್ ಅಂಗಡಿಗೆ ಹೋಗುವಾಗ ಆ ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಳಪಿನ ಹೊಸ ಮಾದರಿಗಳ ನಡುವೆಯೂ ತಾಳ್ಮೆಯಿಂದ ಕೇಳಿದರೆ ಹಳೆಯ ಕಾಲದ ಮಂದ ಮೈಯ, ಸಣ್ಣ ಕಣದ ರೆಕ್ಸಿನ್ ಸಿಗುತ್ತದೆ. ಅದನ್ನು ಮಧ್ಯಾಹ್ನದ ಬೆಳಕಿನಲ್ಲಿ ತುಂಡಿನ ಪಕ್ಕ ಹಿಡಿದು ನೋಡಬೇಕು, ಟ್ಯೂಬ್‌ಲೈಟಿನ ಕೆಳಗಲ್ಲ.

ಚೌಕಟ್ಟಿಗೆ ವೈರ್ ಬ್ರಷ್ ಹಾಕಿ ತುಕ್ಕು ತೆಗೆದು, ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಕಪ್ಪು ಪೇಂಟ್ ಕೊಟ್ಟರೆ ಇನ್ನೂ ಹಲವು ದಶಕ ಬಾಳುತ್ತದೆ. ಬಿರುಕು ಬಿಟ್ಟ ಕಡೆ ವೆಲ್ಡಿಂಗ್ ಬೇಕಿದ್ದರೆ ಚೌಕಟ್ಟು ಬರಿದಾಗಿರುವ ಈ ಹೊತ್ತಿನಲ್ಲೇ ಮಾಡಿಸಬೇಕು. ಸ್ಪ್ರಿಂಗುಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಿದರೆ ದಣಿದದ್ದು ಯಾವುದು ಎಂದು ಕೈಗೇ ತಿಳಿಯುತ್ತದೆ. ಚಾಲಕ ಕೂರುವ ಕಡೆಯವು ಸಾಮಾನ್ಯವಾಗಿ ಹೆಚ್ಚು ಕುಸಿದಿರುತ್ತವೆ. ಅವನ್ನು ಕಡಿಮೆ ಸವೆದ ಮೂಲೆಯವುಗಳೊಂದಿಗೆ ಅದಲು ಬದಲು ಮಾಡಬಹುದು. ಬಳಿಕ ಗಟ್ಟಿ ಹುರಿಯಿಂದ ಉದ್ದಕ್ಕೂ ಅಡ್ಡಕ್ಕೂ ಕಟ್ಟಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರಬೇಕು. ಹೊಸ ಗೋಣಿಯನ್ನು ದಬ್ಬಣದಿಂದ ಹೊಲಿದು ಬಿಗಿಯಬೇಕು. ಅಡಿಕೆ, ಮೆಣಸಿನ ಚೀಲ ಹೊಲಿದು ಗೊತ್ತಿರುವ ಮನೆಗಳಲ್ಲಿ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹಾಗ್ ರಿಂಗ್ ಸಿಗದ ಊರಿನಲ್ಲಿ ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ತಂತಿಯಿಂದಲೂ ಅಂಚು ಬಿಗಿಯಬಹುದು. ತಂತಿಯ ಮೊನೆಯನ್ನು ಒಳಮುಖವಾಗಿ ಮಡಚಿದರಾಯಿತು.

ಫೋಮ್ ಎಷ್ಟು ಹಾಕಬೇಕು ಎಂಬಲ್ಲಿ ಎಡವುವವರು ಬಹಳ. ಮೆತ್ತಗಿದ್ದಷ್ಟೂ ಒಳ್ಳೆಯದೆಂದು ನಾಲ್ಕು ಇಂಚು ಹಾಕಿದರೆ ಸೀಟಿನ ಎತ್ತರ ಏರುತ್ತದೆ, ಸ್ಟೀರಿಂಗ್ ತೊಡೆಗೆ ತಾಗುತ್ತದೆ, ತಲೆ ಛಾವಣಿಗೆ ಹತ್ತಿರವಾಗುತ್ತದೆ, ಸ್ಪ್ರಿಂಗಿಗೆ ಕೆಲಸವೇ ಇಲ್ಲದಂತಾಗುತ್ತದೆ. ಸ್ಪ್ರಿಂಗ್ ಮತ್ತು ನಾರು ಸರಿ ಇದ್ದರೆ ಮೇಲೆ ಅರ್ಧದಿಂದ ಒಂದು ಇಂಚು ಸಾಕು. ಕೂರುವ ಭಾಗಕ್ಕೆ 40 ಡೆನ್ಸಿಟಿ, ಬೆನ್ನಿಗೆ 32 ಡೆನ್ಸಿಟಿ ಫೋಮ್ ಹೊಂದುತ್ತದೆ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೊ ತೂಗುತ್ತದೆ ಎಂಬ ಲೆಕ್ಕ ಇದು. ತೂಕ ಹೆಚ್ಚಿದ್ದರೆ ಬಾಳಿಕೆ ಹೆಚ್ಚು. ಗಡುಸೋ ಮೃದುವೋ ಎಂಬುದನ್ನು ಕೈಯಿಂದ ಒತ್ತಿಯೇ ನೋಡಬೇಕು.

ಇನ್ನು ಹೊಲಿಗೆ. ಹಳೆಯ ತುಂಡುಗಳನ್ನು ಹೊಸ ರೆಕ್ಸಿನ್‌ನ ಹಿಂಬದಿಯ ಮೇಲಿಟ್ಟು ಗುರುತು ಹಾಕಿ, ಎದುರುಬದುರು ಕೂಡಬೇಕಾದ ಕಡೆಗಳಲ್ಲಿ ಅಂಚಿಗೆ ಸಣ್ಣ ಕಚ್ಚು ಕೊಟ್ಟರೆ ಹೊಲಿಯುವಾಗ ಜಾರುವುದಿಲ್ಲ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್‌ದೇ ಆಗಬೇಕು, ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಹೊಲಿಗೆಯ ಉದ್ದ ನಾಲ್ಕೈದು ಮಿಲಿಮೀಟರ್ ಇರಲಿ. ತೀರಾ ಒತ್ತೊತ್ತಾಗಿ ಹೊಲಿದರೆ ಸೂಜಿಯ ತೂತುಗಳ ಸಾಲಿನಲ್ಲೇ ರೆಕ್ಸಿನ್ ಹರಿಯುತ್ತದೆ. ಮನೆಯ ಹೊಲಿಗೆ ಯಂತ್ರ ಎರಡು ಪದರ ತೆಳು ರೆಕ್ಸಿನ್ ಎಳೆದೀತು. ಪೈಪಿಂಗ್ ಸೇರಿ ನಾಲ್ಕು ಪದರ ಆದಾಗ ಕುಶನ್ ಅಂಗಡಿಯ ದೊಡ್ಡ ಯಂತ್ರವೇ ಬೇಕು. ಆ ಒಂದು ಹಂತಕ್ಕೆ ಅಂಗಡಿಗೆ ಹೋದರೆ ಯಾವ ಕೊರತೆಯೂ ಇಲ್ಲ. ಹೊಲಿದು ತಂದ ಹೊದಿಕೆಯನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿದರೆ ಮೆತ್ತಗಾಗಿ ಚೆನ್ನಾಗಿ ಎಳೆಯಲು ಬರುತ್ತದೆ. ನಡುವಿನಿಂದ ಶುರು ಮಾಡಿ ಎರಡೂ ಬದಿಗೆ ಸರಿಯುತ್ತ, ಎದುರುಬದುರಾಗಿ ಒಂದೊಂದೇ ಉಂಗುರ ಹಾಕುತ್ತ ಹೋದರೆ ಸುಕ್ಕು ಬೀಳುವುದಿಲ್ಲ.

ಚರ್ಮದ ಸೀಟಿನ ಮಾತು ಬೇರೆ. ಬಿರುಕಿದ ಮಾತ್ರಕ್ಕೆ ಅದನ್ನು ಬದಲಿಸಬಾರದು. ಒದ್ದೆ ಬಟ್ಟೆ, ಸೌಮ್ಯ ಸೋಪಿನಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಚರ್ಮಕ್ಕೆಂದೇ ಮಾಡಿದ ಕಂಡಿಷನರ್ ತಿಕ್ಕಿದರೆ ಬಹಳಷ್ಟು ಮರಳಿ ಮೃದುವಾಗುತ್ತದೆ. ಹರಿದ ಕಡೆ ಒಳಗಿನಿಂದ ತೆಳು ಬಟ್ಟೆ ಅಂಟಿಸಿ ಕೂಡಿಸಬಹುದು. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಕೆಲವೆಡೆ ಇದೆ, ಅದು ಬೇಡ. ಎಣ್ಣೆ ಕಮಟುತ್ತದೆ, ಧೂಳು ಹಿಡಿಯುತ್ತದೆ.

ಇಷ್ಟೆಲ್ಲ ಏಕೆ, ಎರಡು ದಿನದಲ್ಲಿ ಅಂಗಡಿಯವರು ಮಾಡಿ ಕೊಡುತ್ತಾರಲ್ಲ ಎಂಬ ಪ್ರಶ್ನೆ ಸಹಜ. ಅಂಗಡಿಯವರ ಕೈಚಳಕದ ಬಗ್ಗೆ ಅನುಮಾನ ಇಲ್ಲ. ಆದರೆ ಅವರಿಗೆ ಸಿಗುವುದು ಎರಡು ದಿನದ ಕೂಲಿ. ಅಷ್ಟರಲ್ಲಿ ಸ್ಪ್ರಿಂಗು ಬಿಚ್ಚಿ ಕಟ್ಟುವುದಕ್ಕೆ, ಹಳೆಯ ತುಂಡಿನ ಅಳತೆ ತೆಗೆಯುವುದಕ್ಕೆ ಸಮಯ ಎಲ್ಲಿಂದ ಬರಬೇಕು? ಮೇಲೆ ಫೋಮ್ ಹಾಕಿ ಮುಚ್ಚುವುದೇ ಅವರಿಗೆ ಗಿಟ್ಟುವ ಲೆಕ್ಕ. ನಿಧಾನದ ಕೆಲಸವನ್ನು ಮಾಲೀಕರು ಮನೆಯಲ್ಲಿ ಮಾಡಿಕೊಂಡು, ಹೊಲಿಗೆಗೆ ಅಂಗಡಿಗೆ ಬಂದು, ಅದಕ್ಕೆ ತಕ್ಕ ಮಜೂರಿ ಕೊಟ್ಟರೆ ಇಬ್ಬರಿಗೂ ನ್ಯಾಯ. ಸ್ಪ್ರಿಂಗ್ ಕಟ್ಟುವುದನ್ನು ಬಲ್ಲ ಹಿರಿಯ ಕಸುಬುದಾರರ ಪಕ್ಕ ಕೂತು ಕಲಿಯುವ ಅವಕಾಶವೂ ಆಗ ಒದಗುತ್ತದೆ. ಸಿದ್ಧ ಕವರುಗಳ ಮಾರುಕಟ್ಟೆಯಲ್ಲಿ ಆ ವಿದ್ಯೆಗೆ ಗಿರಾಕಿ ಇಲ್ಲದಂತಾಗಿದೆ. ಗಿರಾಕಿ ಇಲ್ಲದ ಕಸುಬು ಮುಂದಿನ ತಲೆಮಾರಿಗೆ ದಾಟುವುದಿಲ್ಲ.

ಸುರಕ್ಷತೆಯ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಳೆಯ ಉದ್ದನೆಯ ಸೀಟುಗಳಿಗೆ ತಲೆ ಆನಿಸುವ ದಿಂಬಿಲ್ಲ. ನಮ್ಮಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದೇ 1994ರಲ್ಲಿ. ಪದ್ಮಿನಿಯನ್ನೋ ಅಂಬಾಸಿಡರನ್ನೋ ಇಂದಿಗೂ ದಿನಬಳಕೆಗೆ ಓಡಿಸುವವರು ಬೆಲ್ಟ್ ಹಾಕಿಸಿಕೊಳ್ಳುವುದು ಸರಿಯೇ. ಆದರೆ ಬೆಲ್ಟನ್ನು ಬಾಡಿಯ ಗಟ್ಟಿ ಭಾಗಕ್ಕೆ ತಿಳಿದವರಿಂದಲೇ ಬಿಗಿಸಬೇಕು, ಸೀಟಿನ ಚೌಕಟ್ಟಿಗಲ್ಲ. ಹೊಸ ಸೀಟು ಹಾಕಲೇಬೇಕಾಗಿ ಬಂದರೂ ಹಳೆಯದನ್ನು ಒರೆಸಿ, ಸುತ್ತಿ, ಅಟ್ಟದ ಮೇಲೆ ಇಡಬೇಕು. ನೆಲಕ್ಕೆ ಹೊಸ ತೂತು ಕೊರೆಯದೆ ಹಳೆಯ ಬೋಲ್ಟಿನ ಜಾಗದಲ್ಲೇ ಕೂರಿಸಿದರೆ ಮುಂದೆ ಮೂಲದ್ದನ್ನು ಮರಳಿ ಹಾಕಲು ಬರುತ್ತದೆ. ವರ್ಷಕ್ಕೆ ನಾಲ್ಕಾರು ಬಾರಿ ರ‍್ಯಾಲಿಗೆ ಹೋಗುವ ವಿಎ ನಂಬರಿನ ಕಾರಿಗೆ ಬಕೆಟ್ ಸೀಟಿನ ಅಗತ್ಯವೇ ಬೀಳುವುದಿಲ್ಲ.

ಬೆಂಕಿಯ ವಿಚಾರದಲ್ಲೂ ಎಚ್ಚರ ಬೇಕು. ವಾಹನದೊಳಗಿನ ಬಟ್ಟೆ, ಫೋಮ್ ಎಷ್ಟು ಬೇಗ ಉರಿಯಬಾರದು ಎಂಬುದಕ್ಕೆ ಭಾರತದಲ್ಲಿ ಐಎಸ್ 15061 ಎಂಬ ಮಾನದಂಡ ಇದೆ. ಅಮೆರಿಕದಲ್ಲಿ 1972ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಜ್ವಾಲೆ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹಬ್ಬುವಂತಿಲ್ಲ. ಸೋಫಾಕ್ಕೆಂದು ಮಾರುವ ಅಗ್ಗದ ಫೋಮ್ ತಂದು ಕಾರಿಗೆ ತುಂಬುವ ಬದಲು ವಾಹನಕ್ಕೆಂದೇ ತಯಾರಾದದ್ದನ್ನು ಕೇಳಿ ಕೊಳ್ಳಬೇಕು. ರಬ್ಬರ್ ಅಂಟನ್ನು ಗಾಳಿಯಾಡುವ ಕಡೆ, ಒಲೆ, ಬೀಡಿ, ವೆಲ್ಡಿಂಗಿನಿಂದ ದೂರದಲ್ಲಿ ಬಳಸಬೇಕು. ಒಂದು ಗಡಿಯನ್ನು ಮಾತ್ರ ದಾಟಬಾರದು: ಬದಿಯ ಏರ್‌ಬ್ಯಾಗ್ ಸೀಟಿನೊಳಗೇ ಇರುವ ಈಚಿನ ಕಾರುಗಳಲ್ಲಿ ಈ ಮನೆಗೆಲಸ ಸಲ್ಲದು. ಹಳೆಯ ಕಾರುಗಳಲ್ಲಿ ಅಂಥ ಅಪಾಯ ಇಲ್ಲದಿರುವುದರಿಂದಲೇ ಕಲಿಯಲು ಅವು ತಕ್ಕವು.

ಮೂಲವನ್ನು ಉಳಿಸಿಕೊಂಡೇ ಹೊಸತನ ತರಬಹುದು ಎಂಬುದಕ್ಕೆ ಮುಂಬೈ ಒಳ್ಳೆಯ ಉದಾಹರಣೆ ಕೊಟ್ಟಿದೆ. 2015ರಲ್ಲಿ ಅಲ್ಲಿ ಶುರುವಾದ ಟ್ಯಾಕ್ಸಿ ಫ್ಯಾಬ್ರಿಕ್ ಎಂಬ ಯೋಜನೆಯಲ್ಲಿ ಯುವ ವಿನ್ಯಾಸಕಾರರು ಕಪ್ಪು ಹಳದಿ ಟ್ಯಾಕ್ಸಿಗಳ ಸೀಟು, ಛಾವಣಿಗೆ ನಗರದ ಬದುಕಿನ ಚಿತ್ರಗಳಿರುವ ಬಟ್ಟೆ ಹೊದಿಸಿದರು. ಬದಲಾದದ್ದು ಮೇಲಿನ ಬಟ್ಟೆ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆಗಳಿಂದ ಪೂರ್ತಿ ಮರೆಯಾದವು. ಸಾವಿರಾರು ಟ್ಯಾಕ್ಸಿಗಳ ಸೀಟು, ಸ್ಪ್ರಿಂಗು, ಹಳಿಗಳೂ ಅವುಗಳ ಜೊತೆಗೇ ಹೋದವು.

ಈ ನಷ್ಟ ಮುಂದುವರಿಯಬೇಕಿಲ್ಲ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗುಜರಿ ನೀತಿಯ ಅಡಿ ನೋಂದಾಯಿತ ಕೇಂದ್ರಗಳಲ್ಲಿ ಹಳೆಯ ವಾಹನಗಳನ್ನು ಒಡೆಯಲಾಗುತ್ತಿದೆ. ಉತ್ಪಾದನೆ ನಿಂತುಹೋದ ಮಾದರಿಗಳ ಸೀಟಿನ ಚೌಕಟ್ಟು, ಸ್ಪ್ರಿಂಗು, ಹಳಿಗಳನ್ನು ಅಲ್ಲಿ ಬೇರೆಯಾಗಿ ತೆಗೆದಿಟ್ಟು ಮಾರಿದರೆ ಇನ್ನೊಂದು ಕಾರು ಬದುಕುತ್ತದೆ. ರಾಜ್ಯದ ವಿಂಟೇಜ್ ಕಾರು ಕ್ಲಬ್‌ಗಳು ತಮ್ಮ ಸ್ಪರ್ಧೆಗಳಲ್ಲಿ ಮೂಲ ಸೀಟಿಗೆ ಪ್ರತ್ಯೇಕ ಅಂಕ ಇಡಬೇಕು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ಹಳೆಯ ಕಾರುಗಳನ್ನು ನೋಡಲು ಜನ ಬರುತ್ತಾರೆ. ಅಲ್ಲಿ ಒಂದು ಸೀಟನ್ನು ಅರ್ಧ ಬಿಚ್ಚಿ, ಸ್ಪ್ರಿಂಗ್, ಗೋಣಿ, ನಾರು, ಹೊದಿಕೆ ಎಲ್ಲ ಪದರವೂ ಕಾಣುವಂತೆ ಇಟ್ಟರೆ ಮಕ್ಕಳಿಗೂ ಅರ್ಥವಾಗುತ್ತದೆ. ಐಟಿಐಗಳು ಊರಿನ ಹಿರಿಯ ಕುಶನ್ ಕೆಲಸಗಾರರನ್ನು ಕರೆಸಿ ನಾಲ್ಕು ದಿನ ಪಾಠ ಮಾಡಿಸಬೇಕು, ಅದಕ್ಕೆ ಗೌರವಧನ ಕೊಡಬೇಕು.

ಮನೆಯ ಶೆಡ್ಡಿನಲ್ಲಿ ಹಳೆಯ ಕಾರು ಇಟ್ಟುಕೊಂಡಿರುವ ಓದುಗರು ಗುಜರಿಯವರನ್ನು ಕರೆಯುವ ಮೊದಲು ಹಿಂದಿನ ಸೀಟನ್ನು ಒಮ್ಮೆ ಹೊರತೆಗೆದು, ಮಗುಚಿ, ಸ್ಪ್ರಿಂಗುಗಳನ್ನು ಒತ್ತಿ ನೋಡಲಿ. ಗಟ್ಟಿ ಇದ್ದರೆ ಅದೇ ಸೀಟನ್ನು ದುರಸ್ತಿ ಮಾಡಲಿ. ಮೂಲ ಹೊದಿಕೆಯ ಒಂದು ತುಂಡು, ಬಿಚ್ಚುವಾಗ ತೆಗೆದ ಫೋಟೊಗಳು, ಬದಲಿಸಿದ ವಸ್ತುಗಳ ಪಟ್ಟಿ ಇಷ್ಟನ್ನು ಆರ್‌ಸಿ ಪುಸ್ತಕದ ಜೊತೆ ಒಂದು ಲಕೋಟೆಯಲ್ಲಿ ಹಾಕಿಡಲಿ. ಮುಂದೆ ಆ ಕಾರು ಯಾರ ಕೈಗೆ ಹೋದರೂ ಅವರಿಗೆ ಅದು ಬೇಕಾಗುತ್ತದೆ.